ಗ್ರಾವೆಲ್ ತೆಗೆಯುವ ಹೊಲದ ಮೇಲ್ಮಣ್ಣು: ಎಷ್ಟಿದೆ, ಎಂಥದ್ದಿದೆ, ಎಲ್ಲಿಡಬೇಕು?

ಪ್ರಶ್ನೆ: ಶಿರಾ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಖುಷ್ಕಿ ಕೆಂಪು ಭೂಮಿ ಇದೆ. ರಾಗಿ, ಕಡಲೆಕಾಯಿ ಬೆಳೆಯುತ್ತೇವೆ. ರಸ್ತೆ ಕಾಮಗಾರಿಯ ಗುತ್ತಿಗೆದಾರರೊಬ್ಬರು ಹತ್ತು ಅಡಿ ಆಳದವರೆಗೆ ಗ್ರಾವೆಲ್ ತೆಗೆಯಲು ಕೇಳುತ್ತಿದ್ದಾರೆ. ಮೇಲಿನ ಒಂದು ಅಡಿ ಮಣ್ಣನ್ನು ಪಕ್ಕಕ್ಕೆ ತಳ್ಳಿಟ್ಟು ಮೂರು ವರ್ಷದ ನಂತರ ಮತ್ತೆ ಹರಡಿಕೊಡುತ್ತೇವೆ, ಮೊದಲಿನಂತೆಯೇ ರಾಗಿ ಬೆಳೆಯಬಹುದು ಎನ್ನುತ್ತಾರೆ. ಮಣ್ಣು ಆರೋಗ್ಯ ಚೀಟಿ ನಮ್ಮ ಬಳಿ ಇದೆ. ಅದು ಸಾಕೇ? ಒಂದು ಅಡಿಯ ಲೆಕ್ಕ ಸರಿಯೇ?

ಉತ್ತರ: ಚೀಟಿ ಸಾಲದು, ಒಂದು ಅಡಿಯ ಲೆಕ್ಕವೂ ಸರಿಯಲ್ಲ. ಮೊದಲಿನಂತೆಯೇ ರಾಗಿ ಬೆಳೆಯಬಹುದೆಂಬ ಮಾತು ನಿಜವಾಗಬೇಕಾದರೆ ಮೇಲ್ಮಣ್ಣಿನ ಜೊತೆಗೆ ಅದರ ಕೆಳಗಿರುವ ಕೆಂಪು ಜೇಡಿ ಪದರವನ್ನೂ ಪ್ರತ್ಯೇಕವಾಗಿ ಎತ್ತಿಡಬೇಕು. ಗುತ್ತಿಗೆದಾರರ ಮಾತಿನಲ್ಲಿ ಆ ಎರಡನೆಯ ಪದರದ ಪ್ರಸ್ತಾಪವೇ ಇಲ್ಲ. ನಿಮ್ಮ ಭಾಗದ ಭೂಮಿಯಲ್ಲಿ ಗ್ರಾವೆಲ್ ತೆಗೆದ ಮೇಲೆ ಹೊಲ ಬರಡಾಗುವುದಕ್ಕೆ ಈ ಪದರವನ್ನು ಗ್ರಾವೆಲ್ ಜೊತೆಗೇ ಟಿಪ್ಪರಿಗೆ ತುಂಬಿ ಕಳಿಸುವುದೇ ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ.

ಮೊದಲು ಚೀಟಿಯ ವಿಚಾರ. 2015ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಮಳೆಯಾಶ್ರಿತ ಪ್ರದೇಶಕ್ಕೆ 10 ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ ಒಂದು ಮಾದರಿಯಂತೆ ಮಣ್ಣು ತೆಗೆಯುವ ಪದ್ಧತಿಯಿತ್ತು. ಹೀಗಾಗಿ ನಿಮ್ಮ ಹೆಸರಿನಲ್ಲಿರುವ ಚೀಟಿಯ ಅಂಕಿಗಳು ಪಕ್ಕದವರ ಹೊಲದ ಮಣ್ಣಿನಿಂದ ಬಂದಿರಲೂಬಹುದು. ಅದಕ್ಕಿಂತ ಮುಖ್ಯವಾದ ಕೊರತೆಯೆಂದರೆ, ಗೊಬ್ಬರದ ಶಿಫಾರಸಿಗಾಗಿ ರೂಪಿಸಿದ ಆ ಚೀಟಿ ಮೇಲಿನ 15 ಸೆಂಟಿಮೀಟರಿನಷ್ಟು ಮಣ್ಣಿನ ಪೋಷಕಾಂಶಗಳನ್ನು ಮಾತ್ರ ಹೇಳುತ್ತದೆ. ಮೇಲ್ಮಣ್ಣು ಎಷ್ಟು ದಪ್ಪವಿದೆ, ಕೆಳಗೆ ಏನಿದೆ, ಕಲ್ಲಿನ ಪಾಲೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ, ಮತ್ತು ಈಗ ನಿಮಗೆ ಬೇಕಾಗಿರುವುದು ಆ ಮೂರೇ. ಸುಜಲಾ ಜಲಾನಯನ ಯೋಜನೆಯಡಿ ತುಮಕೂರೂ ಸೇರಿದಂತೆ ಹಲವು ಜಿಲ್ಲೆಗಳ ಕಿರು ಜಲಾನಯನಗಳಲ್ಲಿ ಸರ್ವೆ ನಂಬರಿನ ಮಟ್ಟದವರೆಗೆ ಭೂಸಂಪನ್ಮೂಲ ಸಮೀಕ್ಷೆ ನಡೆದಿದ್ದು, ಅದರ ವರದಿಗಳಲ್ಲಿ ಮಣ್ಣಿನ ಆಳ, ಮೇಲ್ಪದರದ ಕಣರಚನೆ, ಗರಸಿನ ಪ್ರಮಾಣದ ನಕ್ಷೆಗಳಿವೆ. ನಿಮ್ಮ ಊರು ಅದರಲ್ಲಿ ಬಂದಿದ್ದರೆ ವರದಿಯನ್ನು ಕೃಷಿ ಅಥವಾ ಜಲಾನಯನ ಇಲಾಖೆಯಲ್ಲಿ ಕೇಳಿ ನೋಡಿ. ಆದರೂ ಅದು ಎಲ್ಲಿ ಅಗೆಯಬೇಕೆಂದು ತೋರಿಸೀತೇ ಹೊರತು ಅಗೆಯುವ ಕೆಲಸವನ್ನು ತಪ್ಪಿಸದು.

ಅಗೆಯುವುದೆಂದರೆ ಕೈಯಿಂದಲೇ. ಗರಸು ನೆಲದಲ್ಲಿ ಮಣ್ಣು ಕೊರೆಯುವ ಆಗರ್ ಅರ್ಧ ಅಡಿಗೆ ಕಲ್ಲಿಗೆ ತಾಗಿ ನಿಲ್ಲುತ್ತದೆ. ಜೆಸಿಬಿ ತಂದರೆ ಪದರಗಳು ಕಲಸಿಹೋಗಿ ಅಂಚು ಕಾಣಿಸುವುದಿಲ್ಲ. ನಾಲ್ಕು ಎಕರೆ ಚೌಕವಾಗಿದ್ದರೆ ಪ್ರತಿ ಬದಿ ಸುಮಾರು 127 ಮೀಟರ್ ಆಗುತ್ತದೆ. ನಲವತ್ತು ಮೀಟರಿಗೊಂದರಂತೆ ಒಂಬತ್ತು ಗುಂಡಿ ಬೀಳುತ್ತವೆ. ಒಬ್ಬರು ಇಳಿದು ಕೂರುವಷ್ಟು ಅಗಲ, ಮೂರೂವರೆ ಅಡಿ ಆಳ ಸಾಕು. ಹೊಲದ ಲಕ್ಷಣ ಬದಲಾಗುವ ಕಡೆ ಇನ್ನೂ ಎರಡು ಮೂರು ಗುಂಡಿ ಸೇರಿಸಬೇಕು: ದಿಣ್ಣೆಯ ನೆತ್ತಿ, ಬದುವಿನ ಮೇಲುಬದಿ, ಹಿಂದೆ ಕೆರೆ ಗೋಡು ಹೊಡೆಸಿದ್ದ ತಾಕು, ಹಳೆಯ ತಿಪ್ಪೆಯ ಜಾಗ, ಕಣ ಮಾಡುತ್ತಿದ್ದ ಜಾಗ. ಈ ಜಾಗಗಳನ್ನು ಯಾವ ತಜ್ಞನಿಗಿಂತಲೂ ಚೆನ್ನಾಗಿ ಬಲ್ಲವರು ನೀವು. ಗುಂಡಿ ತೋಡುವವರ ಜೊತೆ ನೀವೇ ನಿಂತಿರಿ.

ಗುಂಡಿಯ ಒಂದು ಗೋಡೆಯನ್ನು, ಬಿಸಿಲು ಬೀಳುವ ಕಡೆಯದನ್ನು, ಕುಡುಗೋಲಿನಿಂದ ಕೆರೆದು ಹಸನು ಮಾಡಿ, ಸ್ವಲ್ಪ ನೀರು ಚಿಮುಕಿಸಿ ನೋಡಿ. ನಿಮ್ಮ ಭಾಗದ ಕೆಂಪು ಭೂಮಿಯಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ: ಮೇಲೆ ಒಂದು ಗೇಣಿಗಿಂತ ಕಡಿಮೆ ದಪ್ಪದ, ಕಂದುಗೆಂಪು ಬಣ್ಣದ, ಮರಳು ಮಿಶ್ರಿತ ಪುಡಿಮಣ್ಣು, ಹುಲ್ಲು ಮತ್ತು ರಾಗಿ ಕೂಳೆಯ ಸಣ್ಣ ಬೇರುಗಳೆಲ್ಲ ಒತ್ತಾಗಿರುವುದು ಇಲ್ಲಿಯೇ. ಅದರ ಕೆಳಗೆ ಬಣ್ಣ ಒಮ್ಮೆಗೇ ಗಾಢ ಕೆಂಪಿಗೆ ತಿರುಗಿ, ಕೈಯಲ್ಲಿ ಮುರಿದರೆ ಮೂಲೆಗಳುಳ್ಳ ಹೆಂಟೆಯಾಗಿ ಒಡೆಯುವ, ಹೆಂಟೆಯ ಮೈ ಮೇಣ ಸವರಿದಂತೆ ಮಿನುಗುವ ಪದರ ಬರುತ್ತದೆ. ಮಳೆನೀರಿನ ಜೊತೆ ಮೇಲಿನಿಂದ ಇಳಿದ ನುಣುಪು ಜೇಡಿ ಸಾವಿರಾರು ವರ್ಷಗಳ ಕಾಲ ಇಲ್ಲಿ ತಂಗಿ ಆದ ಪದರವಿದು. ಅದರಡಿ ಜೇಡಿಯೊಳಗೆ ಬೆಣಚು ಕಲ್ಲಿನ ಚೂರುಗಳು ಹೆಚ್ಚುತ್ತಾ ಹೋಗಿ, ಕೊನೆಗೆ ಗುತ್ತಿಗೆದಾರರಿಗೆ ಬೇಕಾದ ಗ್ರಾವೆಲ್ ಅಥವಾ ಕಳಿತ ಬಂಡೆ ಸಿಗುತ್ತದೆ. ಪ್ರತಿ ಗುಂಡಿಯಲ್ಲೂ ಈ ಅಂಚುಗಳಿಗೆ ಮೊಳೆ ಚುಚ್ಚಿ, ಟೇಪು ಹಿಡಿದು, ಅಳತೆ ಬರೆದುಕೊಂಡು, ಗೋಡೆಯ ಫೋಟೋ ತೆಗೆದಿಡಬೇಕು. ಮುಂದೆ ತಕರಾರು ಬಂದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಇದೊಂದೇ.

ಬೆರಳಿನ ಪರೀಕ್ಷೆ ಸುಲಭ. ಹದವಾಗಿ ಒದ್ದೆ ಮಾಡಿದ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿ ಎಳೆಯಿರಿ. ಪಟ್ಟಿ ಒಂದು ಇಂಚಿಗಿಂತ ಮೊದಲೇ ತುಂಡಾದರೆ ಮರಳು ಅಥವಾ ಗೋಡು ಸ್ವಭಾವದ್ದು, ಒಂದರಿಂದ ಎರಡು ಇಂಚು ಬಂದರೆ ಜೇಡಿಗೋಡು, ಎರಡು ಇಂಚು ದಾಟಿದರೆ ಜೇಡಿ. ದುರ್ಬಲ ಆಮ್ಲದ ಎರಡು ಹನಿ ಬಿಟ್ಟಾಗ ನೊರೆ ಬಂದರೆ ಸುಣ್ಣವಿದೆಯೆಂದು ಅರ್ಥ. ಶಿರಾ, ಹಿರಿಯೂರು ಸೀಮೆಯ ಕೆಲವು ತಗ್ಗು ತಾಕುಗಳಲ್ಲಿ ಸುಣ್ಣದ ಗಂಟುಗಳ ಪದರವೇ ಸಿಗುವುದುಂಟು, ಅದನ್ನು ಮೇಲ್ಮಣ್ಣಿಗೆ ಬೆರೆಯಲು ಬಿಡಬಾರದು.

ಇನ್ನು ಪ್ರಯೋಗಾಲಯ. ಮೇಲ್ಪದರದ ಮತ್ತು ಕೆಳಪದರದ ಮಾದರಿಗಳನ್ನು ಬೇರೆ ಬೇರೆ ಚೀಲದಲ್ಲಿ ಕೊಡಬೇಕು. ರಸಸಾರ (pH) 6ರಿಂದ 8ರ ಒಳಗೆ, ವಿದ್ಯುತ್ ವಾಹಕತೆ (ಲವಣಾಂಶದ ಅಳತೆ) ಮೀಟರಿಗೆ 1 ಡೆಸಿಸೀಮೆನ್ಸ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ರಸಸಾರ 8.5 ದಾಟಿದ್ದರೆ ವಿನಿಮಯಶೀಲ ಸೋಡಿಯಂ ಪರೀಕ್ಷೆಯನ್ನೂ ಮಾಡಿಸಿ. ಶೇಕಡ 15ಕ್ಕಿಂತ ಹೆಚ್ಚಿದ್ದರೆ ಅದು ಕರಲು ಮಣ್ಣು, ಎತ್ತಿಡುವ ಯೋಗ್ಯತೆಯದ್ದಲ್ಲ. ಸಾವಯವ ಇಂಗಾಲವನ್ನು ಶೇಕಡ 0.5ಕ್ಕಿಂತ ಕಡಿಮೆ ಇದ್ದರೆ ಕನಿಷ್ಠ, 0.75ರವರೆಗೆ ಮಧ್ಯಮ, ಅದಕ್ಕೂ ಮೇಲೆ ಅಧಿಕ ಎಂದು ನಮ್ಮ ಪ್ರಯೋಗಾಲಯಗಳು ವಿಂಗಡಿಸುತ್ತವೆ. ಖುಷ್ಕಿ ಕೆಂಪು ಭೂಮಿಯಲ್ಲಿ ಅದು ಕನಿಷ್ಠವೆಂದು ಬಂದ ಮಾತ್ರಕ್ಕೆ ಈ ಮಣ್ಣಿನಲ್ಲಿ ಉಳಿಸುವಂಥದ್ದೇನೂ ಇಲ್ಲ ಎಂಬ ವಾದವನ್ನು ಒಪ್ಪಬೇಡಿ. ಕೆಳಗಿನ ಗ್ರಾವೆಲ್‌ಗೆ ಹೋಲಿಸಿದರೆ ಇರುವ ಸತ್ವವೆಲ್ಲ ಈ ಮೇಲ್ಮಣ್ಣಿನಲ್ಲೇ ಇದೆ.

ಪ್ರಯೋಗಾಲಯದ ವರದಿ ಓದುವಾಗ ಹೆಚ್ಚಿನವರ ಕಣ್ಣು ತಪ್ಪಿಸುವ ಒಂದು ಸಂಗತಿಯಿದೆ. ಅಲ್ಲಿ ಮಣ್ಣನ್ನು ಎರಡು ಮಿಲಿಮೀಟರ್ ಜರಡಿಯಲ್ಲಿ ಸೋಸಿ, ಕಲ್ಲನ್ನು ಚೆಲ್ಲಿ, ಉಳಿದ ಪುಡಿಯನ್ನಷ್ಟೇ ಪರೀಕ್ಷಿಸುತ್ತಾರೆ. ಹೊಲದ ಮಣ್ಣಿನಲ್ಲಿ ತೂಕದ ಲೆಕ್ಕದಲ್ಲಿ ಶೇಕಡ 40ರಷ್ಟು ಗರಸಿದ್ದು, ವರದಿಯಲ್ಲಿ ಸಾವಯವ ಇಂಗಾಲ 0.5 ಎಂದಿದ್ದರೆ, ನೀವು ಟಿಪ್ಪರಿನಲ್ಲಿ ಸಾಗಿಸುವ ಒಟ್ಟು ಮಣ್ಣಿನಲ್ಲಿ ಅದು 0.3 ಮಾತ್ರ. ಪೋಷಕಾಂಶಕ್ಕೂ, ನೀರು ಹಿಡಿಯುವ ಶಕ್ತಿಗೂ ಇದೇ ಕಡಿತ ಅನ್ವಯಿಸುತ್ತದೆ. ಆದ್ದರಿಂದ ಪ್ರತಿ ಗುಂಡಿಯ ಪ್ರತಿ ಪದರದಿಂದಲೂ ಒಂದು ಬಕೆಟ್ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಮೇಲುಳಿದ ಕಲ್ಲನ್ನೂ ಕೆಳಗಿಳಿದ ಪುಡಿಯನ್ನೂ ಮನೆಯಲ್ಲೇ ತೂಗಿ. ಕಲ್ಲಿನ ಪಾಲು ಶೇಕಡ 15ರೊಳಗಿದ್ದರೆ ಉತ್ತಮ ಮೇಲ್ಮಣ್ಣು, 35ರವರೆಗೂ ಬಳಸಬಹುದು, ಅದಕ್ಕೂ ಮೀರಿದ್ದನ್ನು ಮೇಲ್ಮಣ್ಣಿನ ರಾಶಿಗೆ ಸೇರಿಸದೆ ಕೆಳಮಣ್ಣಿನ ಜೊತೆ ಇಡುವುದು ಲೇಸು.

ಈಗ ಒಂದು ಅಡಿಯ ಲೆಕ್ಕ ನೋಡೋಣ. ಉದಾಹರಣೆಗೆ ನಿಮ್ಮ ಒಂಬತ್ತು ಗುಂಡಿಗಳಲ್ಲಿ ಮೇಲ್ಮಣ್ಣಿನ ದಪ್ಪ 8, 10, 12, 14, 15, 15, 18, 22, 30 ಸೆಂಟಿಮೀಟರ್ ಬಂದಿತೆಂದುಕೊಳ್ಳಿ. ಸರಾಸರಿ 16. ಗಡಿಯುದ್ದಕ್ಕೂ 7.5 ಮೀಟರ್ ಅಗಲದ ಪಟ್ಟಿಯನ್ನು ಸುರಕ್ಷತೆಗಾಗಿ ಅಗೆಯದೆ ಬಿಡಬೇಕಾದ್ದರಿಂದ ಒಳಗೆ ಉಳಿಯುವುದು 112 ಮೀಟರ್ ಚೌಕ, ಅಂದರೆ ಸುಮಾರು 12,500 ಚದರ ಮೀಟರ್. ನಿಜವಾದ ಮೇಲ್ಮಣ್ಣು 2,000 ಘನ ಮೀಟರ್. ಎಲ್ಲೆಡೆ ಕಣ್ಣುಮುಚ್ಚಿ ಒಂದು ಅಡಿ ತೆಗೆದರೆ ಬರುವ ರಾಶಿ 3,750 ಘನ ಮೀಟರ್‌ಗಿಂತ ಹೆಚ್ಚು. ಅಂದರೆ ಮೇಲ್ಮಣ್ಣೆಂದು ನೀವು ನಂಬಿ ಕಾಯ್ದಿಟ್ಟುಕೊಂಡದ್ದರಲ್ಲಿ ಅರ್ಧದ ಹತ್ತಿರ ಬೇರೆ ಮಣ್ಣೇ ಇರುತ್ತದೆ. ದಿಣ್ಣೆಯ ನೆತ್ತಿಯಲ್ಲಂತೂ 8 ಸೆಂಟಿಮೀಟರ್ ಮೇಲ್ಮಣ್ಣಿಗೆ 22 ಸೆಂಟಿಮೀಟರ್ ಕೆಂಪು ಜೇಡಿ ಕಲಸಿ, ಮೊದಲ ಮಳೆಗೇ ಮೇಲೆ ಗಟ್ಟಿ ಹೆಪ್ಪು ಕಟ್ಟುತ್ತದೆ, ಬಿತ್ತಿದ ರಾಗಿ ಅದನ್ನು ಸೀಳಿ ಮೇಲೇಳುವುದು ಕಷ್ಟ. ಪರಿಹಾರವೆಂದರೆ ಗುಂಡಿಗಳ ಅಳತೆಯನ್ನು ನಕ್ಷೆಯಲ್ಲಿ ಗುರುತಿಸಿ, ಹೊಲವನ್ನು ತೆಳು, ಮಧ್ಯಮ, ದಪ್ಪ ಎಂದು ಮೂರು ತಾಕುಗಳಾಗಿ ಸುಣ್ಣದ ಗೆರೆ ಎಳೆದು, ಪ್ರತಿ ತಾಕಿಗೂ ಬೇರೆ ಆಳ ನಿಗದಿ ಮಾಡುವುದು.

ಕೆಳಮಣ್ಣಿಗೆ ನಾನೇಕೆ ಇಷ್ಟು ಒತ್ತು ಕೊಡುತ್ತೇನೆಂಬುದನ್ನು ನೀರಿನ ಲೆಕ್ಕದಿಂದಲೇ ಹೇಳಬಹುದು. 16 ಸೆಂಟಿಮೀಟರ್ ಮರಳು ಮಿಶ್ರಿತ ಮೇಲ್ಮಣ್ಣು ಬೆಳೆಗೆ ದಕ್ಕುವ ರೂಪದಲ್ಲಿ ಹಿಡಿದಿಡುವ ನೀರು ಅಂದಾಜು 16ರಿಂದ 20 ಮಿಲಿಮೀಟರ್. ಬೆಳೆದು ನಿಂತ ರಾಗಿ ದಿನಕ್ಕೆ ನಾಲ್ಕು ಮಿಲಿಮೀಟರ್ ಆಸುಪಾಸು ಬಳಸುತ್ತದೆ. ಕೆಳಗೆ ನೇರವಾಗಿ ಗ್ರಾವೆಲ್ ತಳವಿದ್ದರೆ ಮಳೆ ನಿಂತ ಐದನೆಯ ದಿನಕ್ಕೆ ಪೈರು ಬಾಡಬೇಕು. ಅದೇ ಮೇಲ್ಮಣ್ಣಿನ ಕೆಳಗೆ 35 ಸೆಂಟಿಮೀಟರ್ ಕೆಂಪು ಜೇಡಿಗೋಡು ಇದ್ದರೆ ಇನ್ನೂ 40 ಮಿಲಿಮೀಟರ್‌ಗೂ ಹೆಚ್ಚು ನೀರು ಕೂಡಿ, ಪೈರು ಎರಡು ವಾರ ತಡೆದುಕೊಳ್ಳುತ್ತದೆ. ಮುಂಗಾರಿನ ನಡುವೆ ಎರಡು ವಾರ ಮಳೆ ಕೈಕೊಡುವುದು ನಿಮ್ಮ ಸೀಮೆಯಲ್ಲಿ ಹೊಸದೇನಲ್ಲ.

ಆದರೆ ಕೆಳಮಣ್ಣನ್ನೂ ಎತ್ತಿಡುವುದೆಂದರೆ 12,500 ಚದರ ಮೀಟರಿಗೆ 35 ಸೆಂಟಿಮೀಟರಿನಂತೆ ಸುಮಾರು 4,400 ಘನ ಮೀಟರ್ ಆಗುತ್ತದೆ. ಅಗೆದ ಮಣ್ಣು ಶೇಕಡ 20ರಷ್ಟು ಉಬ್ಬುವುದರಿಂದ ಎರಡೂ ಸೇರಿ 7,700 ಘನ ಮೀಟರ್ ರಾಶಿಗೆ ಜಾಗ ಹುಡುಕಬೇಕು. ನಾಲ್ಕು ಎಕರೆಯಲ್ಲಿ ಅದು ಆಗದ ಮಾತು. ಮೇಲ್ಮಣ್ಣನ್ನು ಆರೇಳು ಮೀಟರ್ ಎತ್ತರಕ್ಕೆ ಪೇರಿಸುವುದೂ ಸಲ್ಲದು, ಏಕೆಂದರೆ ರಾಶಿಯ ಒಡಲಿಗೆ ಗಾಳಿಯಾಡದೆ ಸೂಕ್ಷ್ಮಜೀವಿಗಳು, ಬೇರಿಗೆ ನೆರವಾಗುವ ಶಿಲೀಂಧ್ರಗಳು ಕ್ಷೀಣಿಸುತ್ತವೆ. ಎರಡು ಮೀಟರಿಗಿಂತ ಎತ್ತರ ಬೇಡ. ಹಾಗಾಗಿ ಹೊಲವನ್ನು ಮೂರು ಭಾಗ ಮಾಡಿ ಒಂದೊಂದಾಗಿ ತೆಗೆಯುವುದೇ ದಾರಿ. ಮೊದಲ ಭಾಗದ ಮಣ್ಣನ್ನು ಮಾತ್ರ ರಾಶಿ ಹಾಕಿ, ಎರಡನೆಯ ಭಾಗ ತೆರೆಯುವಾಗ ಅಲ್ಲಿನ ಎರಡೂ ಪದರಗಳನ್ನು ಕ್ರಮವಾಗಿ ಎತ್ತಿ ನೇರವಾಗಿ ಮೊದಲ ಭಾಗದ ಮುಗಿದ ತಳಕ್ಕೆ ಹರಡಬೇಕು. ಮೂರನೆಯದರ ಮಣ್ಣು ಎರಡನೆಯದಕ್ಕೆ, ಕಾಯ್ದಿಟ್ಟ ರಾಶಿ ಕೊನೆಗೆ ಮೂರನೆಯದಕ್ಕೆ. ರಾಶಿಯಲ್ಲಿ ಕೊಳೆಯದೆ ಒಂದೇ ದಿನದಲ್ಲಿ ಜಾಗ ಬದಲಿಸಿದ ಮಣ್ಣಿನಲ್ಲಿ ಬೀಜ, ಬೇರು, ಎರೆಹುಳು ಎಲ್ಲವೂ ಬದುಕಿರುತ್ತವೆ.

ಹೀಗೆ ಮಾಡಿದರೆ ಒಮ್ಮೆಗೆ ಕಾಯ್ದಿಡಬೇಕಾದ ಮೇಲ್ಮಣ್ಣು ಸುಮಾರು 800 ಘನ ಮೀಟರ್. ಗಡಿಯ 7.5 ಮೀಟರ್ ಪಟ್ಟಿಯಲ್ಲಿ ಗಣಿಗುಂಡಿಯ ಅಂಚಿನಿಂದ ಮೂರು ಮೀಟರ್ ಖಾಲಿ ಬಿಟ್ಟು (ಗಣಿ ಸುರಕ್ಷತಾ ನಿಯಮದಂತೆ ಅಷ್ಟರೊಳಗೆ ಸಡಿಲ ಕಲ್ಲು, ಮಣ್ಣು ಇರಕೂಡದು), ಹೊರಬದಿಗೆ ನಾಲ್ಕು ಮೀಟರ್ ಬುಡ, ಒಂದು ಮೀಟರ್ ಎತ್ತರದ ಬದು ಹಾಕಿದರೆ, ಟಿಪ್ಪರ್ ದಾರಿ ಬಿಟ್ಟು 480 ಮೀಟರ್ ಉದ್ದಕ್ಕೆ 900 ಘನ ಮೀಟರಿನಷ್ಟು ಹಿಡಿಯುತ್ತದೆ. ಕೆಳಮಣ್ಣಿನ ಪಾಲು ಸುಮಾರು 1,760 ಘನ ಮೀಟರ್. ಎರಡು ಮೀಟರ್ ಎತ್ತರದ ರಾಶಿಗೆ ಹನ್ನೆರಡು ಗುಂಟೆ ಬೇಕು. ಅದನ್ನು ಮೂರನೆಯ ಭಾಗದ ಮೇಲೆ ಹಾಕುವುದಾದರೆ ಅಲ್ಲಿನ ಮೇಲ್ಮಣ್ಣನ್ನು ಮೊದಲು ಎತ್ತಿರಬೇಕು. ಎರಡು ರಾಶಿಗಳ ಬುಡ ಒಂದಕ್ಕೊಂದು ತಾಗಕೂಡದು, ಮತ್ತು ಯಾವುದು ಯಾವುದೆಂದು ಬೋರ್ಡು ನೆಡಬೇಕು. ಹಿಟಾಚಿ ಚಾಲಕ ಬದಲಾದ ದಿನ ಅದರ ಬೆಲೆ ತಿಳಿಯುತ್ತದೆ.

ಬದು ಹಾಕಿದ ಮೊದಲ ಮಳೆಗೇ ಹುರುಳಿ ಅಥವಾ ಅಪ್ಸೆಣಬು ಚೆಲ್ಲಿ. ಬರಿದಾಗಿ ಬಿಟ್ಟರೆ ಕಾಂಗ್ರೆಸ್ ಗಿಡ ಹಬ್ಬಿ, ಮುಂದೆ ಹರಡಿದ ಹೊಲದ ತುಂಬ ಅದೇ ಏಳುತ್ತದೆ.

ಮಣ್ಣು ಎತ್ತುವಾಗ ಹದ ನೋಡಬೇಕು. ಹಿಡಿಯಲ್ಲಿ ಉಂಡೆ ಕಟ್ಟಿ, ಬೆರಳಿನಿಂದ ತಳ್ಳಿದರೆ ಪುಡಿಯಾಗುವ ಹದ ಸರಿ. ಉಂಡೆ ಅಪ್ಪಚ್ಚಿಯಾದರೆ ಕೆಸರು, ಅದನ್ನು ಎತ್ತಿದರೆ ಇಟ್ಟಿಗೆಯಾಗುತ್ತದೆ. ಹಿಂಗಾರು ಮುಗಿದು ರಾಗಿ ಕೊಯ್ಲಾದ ಬಳಿಕ, ನೆಲ ಪೂರ್ತಿ ಒಣಗುವ ಮೊದಲಿನ ಕೆಲವು ವಾರಗಳು ನಿಮ್ಮ ಕಡೆ ಸೂಕ್ತ. ಗುತ್ತಿಗೆದಾರರು ಹೇಳುವ 'ಪಕ್ಕಕ್ಕೆ ತಳ್ಳುವ' ಕ್ರಮವನ್ನು ಒಪ್ಪಬೇಡಿ. ಬುಲ್ಡೋಜರ್ ತಳ್ಳುವಾಗ ಪದರಗಳು ಬೆರೆಯುತ್ತವೆ, ಚಕ್ರ ಹಾದಲ್ಲೆಲ್ಲ ನೆಲ ಬಿಗಿಯುತ್ತದೆ. ಹಲ್ಲಿಲ್ಲದ ಅಗಲ ಬಕೆಟ್ಟಿನ ಹಿಟಾಚಿ ಹಿಂದಕ್ಕೆ ಸರಿಯುತ್ತಾ ಎತ್ತಬೇಕು, ಟಿಪ್ಪರ್ ಮೇಲ್ಮಣ್ಣು ತೆಗೆದ ಜಾಗದಲ್ಲಷ್ಟೇ ಓಡಾಡಬೇಕು.

ಕಾನೂನಿನ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. ಗ್ರಾವೆಲ್ 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಉಪಖನಿಜ. ನಮ್ಮಲ್ಲಿ ಅದಕ್ಕೆ ಅನ್ವಯಿಸುವುದು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು. ಐದು ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಗಣಿಗಾರಿಕೆ ಮುಗಿದ ಮೇಲೆ ಹುಲ್ಲು ಬೆಳೆಸಿ, ಭೂಮಿಯನ್ನು ಮೇವು ಮತ್ತು ಸಸ್ಯಸಂಪತ್ತಿಗೆ ಯೋಗ್ಯವಾಗಿಸಬೇಕೆಂಬ ಷರತ್ತನ್ನು ಗಣಿ ಗುತ್ತಿಗೆಗಳಲ್ಲಿ ಸೇರಿಸುವಂತೆ ಅದೇ ನ್ಯಾಯಾಲಯ 2020ರ ಜನವರಿ 8ರಂದು ನಿರ್ದೇಶಿಸಿದೆ. ಮೇಲ್ಮಣ್ಣನ್ನು ಪ್ರತ್ಯೇಕವಾಗಿ ತೆಗೆದು ಕಾಯ್ದಿಟ್ಟು ಪುನಶ್ಚೇತನಕ್ಕೇ ಬಳಸಬೇಕೆಂಬ ಸ್ಪಷ್ಟ ಮಾತು ಪ್ರಧಾನ ಖನಿಜಗಳಿಗಾಗಿ ಇರುವ 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಲ್ಲಿದೆ. ಅವು ನಿಮ್ಮ ಪ್ರಕರಣಕ್ಕೆ ನೇರವಾಗಿ ಅನ್ವಯಿಸದಿದ್ದರೂ ಅದೇ ಒಕ್ಕಣೆಯನ್ನು ಕರಾರಿಗೆ ಎತ್ತಿಕೊಳ್ಳಲು ಅಡ್ಡಿಯಿಲ್ಲ. ಗುತ್ತಿಗೆದಾರರ ಕ್ವಾರಿ ಯೋಜನೆ ಮತ್ತು ಪರಿಸರ ಅನುಮತಿಯ ಪ್ರತಿಗಳನ್ನು ಸಹಿ ಹಾಕುವ ಮೊದಲೇ ಕೇಳಿ ಪಡೆಯಿರಿ. ಅದರಲ್ಲಿ ಮೇಲ್ಮಣ್ಣಿನ ಪ್ರಮಾಣದ ಕಾಲಂ ಎದುರು 'ಇಲ್ಲ' ಎಂದು ಬರೆದಿದ್ದರೆ ನಿಮ್ಮ ಗುಂಡಿಗಳ ಫೋಟೋ ತೋರಿಸಿ ತಿದ್ದಿಸಬೇಕು.

ಕೊನೆಯದಾಗಿ, ಹಿಂದಿರುಗಿ ಬರುವ ಹೊಲ ನಾಲ್ಕು ಎಕರೆ ಇರುವುದಿಲ್ಲ. ಹತ್ತು ಅಡಿ ಆಳದ ಗುಂಡಿಯ ಬದಿಗಳನ್ನು ದನಕರು ಇಳಿಯುವಂತೆ, ಮಣ್ಣು ಕೊಚ್ಚದಂತೆ ಒಂದಕ್ಕೆ ಮೂರರ ಇಳಿಜಾರು ಮಾಡಿದರೆ ಪ್ರತಿ ಬದಿಯಲ್ಲೂ ಒಂಬತ್ತು ಮೀಟರ್ ಅದಕ್ಕೇ ಹೋಗುತ್ತದೆ. ಉಳುವ ಸಮತಟ್ಟು ತಳ ಉಳಿಯುವುದು 94 ಮೀಟರ್ ಚೌಕ, ಅಂದರೆ ಎರಡು ಎಕರೆ ಏಳು ಗುಂಟೆ. ಇಳಿಜಾರಿನಲ್ಲಿ ಮೇವಿನ ಹುಲ್ಲು, ಹೊಂಗೆ, ಸ್ಟೈಲೋ ಎಂಬ ಮೇವಿನ ಗಿಡ ಬೆಳೆಯಬಹುದು, ರಾಗಿಯಲ್ಲ. ಗುತ್ತಿಗೆಯ ಹಣ ಮಾತಾಡುವಾಗ ಈ ಅಂಕಿ ನಿಮ್ಮ ಮುಂದಿರಲಿ. ನೀರು ಹೊರಹೋಗಲು ಹೊಲದ ತಗ್ಗು ಬದಿಯಲ್ಲಿ ದಾರಿ ಸಿಗದಿದ್ದರೆ ಒಂದು ಮೂಲೆಯನ್ನು ಕೃಷಿಹೊಂಡವೆಂದು ಬಿಟ್ಟುಕೊಟ್ಟು ತಳವನ್ನು ಆ ಕಡೆಗೆ ಇಳಿಜಾರು ಮಾಡಿಸಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಇಡೀ ಹೊಲವೇ ಹೊಂಡ. ಟಿಪ್ಪರುಗಳು ತುಳಿದು ಬಿಗಿದ ತಳವನ್ನು ಮಣ್ಣು ಹರಡುವ ಮೊದಲು ರಿಪ್ಪರಿನಿಂದ ಒಂದೂವರೆ ಅಡಿಯಾದರೂ ಸೀಳಿಸಿ. ನಂತರ ಕೆಳಮಣ್ಣು, ಅದರ ಮೇಲೆ ಮೇಲ್ಮಣ್ಣು. ಮೊದಲ ಮುಂಗಾರಿಗೆ ಅಪ್ಸೆಣಬು ಬಿತ್ತಿ ಹೂವಿಗೆ ಮೊದಲೇ ಮಣ್ಣಿಗೆ ಸೇರಿಸಿ, ಎರಡನೆಯ ವರ್ಷ ಕೊಟ್ಟಿಗೆ ಗೊಬ್ಬರದೊಂದಿಗೆ ಹುರುಳಿ ಅಥವಾ ಅಲಸಂದೆ ಹಾಕಿ, ರಾಗಿಯನ್ನು ಮೂರನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಕರಾರಿನಲ್ಲಿ ಮೂರು ಮಾತು ಇರಲೇಬೇಕು: ಮೇಲ್ಮಣ್ಣಾಗಲಿ ಕೆಳಮಣ್ಣಾಗಲಿ ಒಂದು ಟಿಪ್ಪರ್ ಕೂಡ ಸರ್ವೆ ನಂಬರಿನಿಂದ ಹೊರಗೆ ಹೋಗತಕ್ಕದ್ದಲ್ಲ, ಮೊದಲ ಭಾಗಕ್ಕೆ ಮಣ್ಣು ಹರಡಿ ಮುಗಿಯುವವರೆಗೆ ಮೂರನೆಯ ಭಾಗ ತೆರೆಯತಕ್ಕದ್ದಲ್ಲ, ಹರಡಿದ ಮಣ್ಣು ಒಂದು ಮಳೆಗಾಲ ಕಂಡು ಕುಳಿತ ಮೇಲೆ, ಅದೇ ಒಂಬತ್ತು ಜಾಗಗಳಲ್ಲಿ ಮತ್ತೆ ಗುಂಡಿ ತೋಡಿ ಎರಡೂ ಪದರಗಳ ದಪ್ಪ ಅಳೆದು ಒಪ್ಪಿದ ನಂತರವೇ ಕೊನೆಯ ಲೆಕ್ಕ ಚುಕ್ತಾ ಆಗಿ ಗುತ್ತಿಗೆದಾರರು ಇಟ್ಟ ಠೇವಣಿ ಹಿಂದಿರುಗತಕ್ಕದ್ದು. ಗುಂಡಿಗಳ ಅಳತೆ ಮತ್ತು ತಾಕುಗಳ ನಕ್ಷೆಗೆ ಇಬ್ಬರೂ ಸಹಿ ಹಾಕಿ ಅದನ್ನು ಕರಾರಿನ ಅನುಬಂಧವಾಗಿ ಸೇರಿಸಿ.